ಯಾವ ದೇಶದ ದಾರಿ ಹಿಡಿಯೋಣ? ಯೂರೋಪಿನ ಡಿಜಿಟಲ್ ಆರೋಗ್ಯ ವ್ಯವಸ್ಥೆಗಳ ಹೋಲಿಕೆ

ಆಸ್ಪತ್ರೆಗಳನ್ನು ಡಿಜಿಟಲ್ ಮಾಡುವ ಮಾತು ಬಂದಾಗಲೆಲ್ಲ "ಯೂರೋಪಿನವರನ್ನು ನೋಡಿ ಕಲೀಬೇಕು" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಸರಿ, ಅವರಲ್ಲಿ ಯಾರನ್ನು ನೋಡೋಣ? ಎಸ್ಟೋನಿಯಾದಲ್ಲಿ ನೂರಕ್ಕೆ 99 ಔಷಧ ಚೀಟಿಗಳು ಕಾಗದದ ಮುಖವನ್ನೇ ಕಾಣುವುದಿಲ್ಲ. ಜರ್ಮನಿಯಲ್ಲಿ ಇ-ಚೀಟಿ ಕಡ್ಡಾಯವಾಗಿದ್ದು 2024ರ ಜನವರಿ 1ರಂದು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2018ರಲ್ಲಿ ಎಣಿಸಿದಾಗ ಸುಮಾರು 9,000 ಫ್ಯಾಕ್ಸ್ ಮೆಷಿನ್‌ಗಳು ಇನ್ನೂ ಓಡುತ್ತಿದ್ದವು. ನೆದರ್ಲೆಂಡ್ಸ್‌ನಲ್ಲಂತೂ ರಾಷ್ಟ್ರೀಯ ದಾಖಲೆ ಯೋಜನೆಯ ಮಸೂದೆಯನ್ನು ಸಂಸತ್ತಿನ ಮೇಲ್ಮನೆ ಒಂದೇ ಒಂದು ಪರ ಮತವಿಲ್ಲದೆ ತಳ್ಳಿಹಾಕಿತು.

ಹಾಗಾಗಿ ಕುರುಡಾಗಿ ಯಾರನ್ನೋ ಹಿಂಬಾಲಿಸುವ ಮೊದಲು ಅಕ್ಕಪಕ್ಕ ಇಟ್ಟು ನೋಡೋದು ಒಳ್ಳೆಯದು. ಆಸ್ಪತ್ರೆಗೋ ಇಲಾಖೆಗೋ ವ್ಯವಸ್ಥೆ ಆರಿಸುವ ಕಮಿಟಿಯಲ್ಲಿ ಕೂತವರಿಗೆ ಇದು ಉಪಯೋಗವಾಗಬಹುದು. ಬೆಂಗಳೂರಿನಲ್ಲಿ ಕೂತು ಯೂರೋಪಿನ ಕಂಪನಿಗಳಿಗೆ ಆರೋಗ್ಯ ಸಾಫ್ಟ್‌ವೇರ್ ಬರೆಯುವವರಿಗೂ ಆಗಬಹುದು. ಫಿಲಿಪ್ಸ್, ಸೀಮೆನ್ಸ್ ಹೆಲ್ತಿನಿಯರ್ಸ್ ಎರಡಕ್ಕೂ ಇಲ್ಲಿ ದೊಡ್ಡ ಕೇಂದ್ರಗಳಿವೆ. ಕೆಲಸಕ್ಕೆಂದು ಮ್ಯೂನಿಕ್‌ಗೋ ಹೆಲ್ಸಿಂಕಿಗೋ ಹೊರಟವರಿಗೆ ಕೊನೆಯ ಭಾಗ ಬೇರೆಯೇ ಇದೆ, ಅವಸರ ಇದ್ದರೆ ನೇರ ಅಲ್ಲಿಗೇ ಹೋಗಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಸರ್ವರ್, ಯಾವ ಕಂಪನಿ ಅನ್ನೋದು ಆಮೇಲಿನ ಮಾತು. ಮೊದಲ ದಿನವೇ ವೈದ್ಯರದ್ದೋ ಔಷಧ ಅಂಗಡಿಯವರದ್ದೋ ಒಂದು ಕೆಲಸವನ್ನು ಹಗುರ ಮಾಡಿದ ವ್ಯವಸ್ಥೆಗಳು ಬದುಕಿವೆ. "ಮೊದಲು ನಮ್ಮನ್ನು ನಂಬಿ, ಉಪಯೋಗ ಆಮೇಲೆ ಗೊತ್ತಾಗುತ್ತೆ" ಅಂದವು ಹೆಚ್ಚಾಗಿ ಹಳ್ಳ ಹಿಡಿದಿವೆ. ಮುಂದಿನ ಹೋಲಿಕೆಗಳನ್ನು ಈ ಮಾತಿಗೆ ಒರೆ ಹಚ್ಚಿ ನೋಡಿ.

ದಾಖಲೆ ಎಲ್ಲಿರಬೇಕು?

ಎಲ್ಲರೂ ಮೊದಲು ಜಗಳ ಆಡುವುದು ಇದಕ್ಕೇ. ಊರಿನ ಎಲ್ಲರ ದವಸವನ್ನೂ ಒಂದೇ ಕಣಜಕ್ಕೆ ತುಂಬೋದಾ, ಅಥವಾ ಅವರವರ ಮನೆಯಲ್ಲೇ ಇಟ್ಟುಕೊಂಡು ಬೇಕಾದಾಗ ತರಿಸಿಕೊಳ್ಳೋದಾ?

ಫಿನ್ಲೆಂಡ್ ಕಣಜದ ದಾರಿ ಹಿಡಿಯಿತು. ಅಲ್ಲಿನ ವ್ಯವಸ್ಥೆಯ ಹೆಸರು ಕಾಂತಾ. ನೋಡಿಕೊಳ್ಳುವುದು ಕೇಲಾ ಅನ್ನುವ ಸಾಮಾಜಿಕ ವಿಮಾ ಸಂಸ್ಥೆ. 2010ರಲ್ಲಿ ತುರ್ಕು ನಗರದಲ್ಲಿ ಇ-ಚೀಟಿಯಿಂದ ಶುರು ಮಾಡಿದರು. ಆಮೇಲೆ ರೋಗಿಗಳ ದಾಖಲೆಗಳೂ ಅದರೊಳಗೆ ಬಂದವು. 2017ರಿಂದ ಔಷಧ ಚೀಟಿ ಎಲೆಕ್ಟ್ರಾನಿಕ್ ಆಗಿರಲೇಬೇಕು ಅಂತಾಯಿತು. ದೇಶದ ಜನಸಂಖ್ಯೆ ಸುಮಾರು 55 ಲಕ್ಷ, ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅಷ್ಟು ಜನರಿಗೆ ಒಂದೇ ಕಡೆ ಇಡೋದು ಕಷ್ಟವೇನಲ್ಲ ಅನ್ನಬಹುದು. ಆದರೆ ಅಷ್ಟೇ ಜನ ಇರುವ ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು.

ಡೆನ್ಮಾರ್ಕಿನಲ್ಲಿ 1968ರಿಂದಲೇ ಎಲ್ಲರಿಗೂ ಸಿಪಿಆರ್ ಎಂಬ ಗುರುತಿನ ನಂಬರ್ ಇದೆ. 1994ರಲ್ಲಿ ಮೆಡ್‌ಕಾಮ್ ಅಂತ ಒಂದು ಸಂಸ್ಥೆ ಹುಟ್ಟಿತು. ಅದು ಸಾಫ್ಟ್‌ವೇರ್ ಮಾಡಲಿಲ್ಲ, ಸರ್ವರ್ ಕೊಳ್ಳಲಿಲ್ಲ. ಒಬ್ಬ ವೈದ್ಯ ಇನ್ನೊಬ್ಬರಿಗೆ ಕಳಿಸುವ ಸಂದೇಶದ ನಮೂನೆ ಹೇಗಿರಬೇಕು ಅಂತ ಮಾತ್ರ ಬರೆಯಿತು. ರಕ್ತ ಪರೀಕ್ಷೆಯ ಫಲಿತಾಂಶಕ್ಕೆ ಒಂದು ನಮೂನೆ, ಆಸ್ಪತ್ರೆಯಿಂದ ಬಿಡುಗಡೆಯಾದ ಪತ್ರಕ್ಕೆ ಒಂದು, ತಜ್ಞರಿಗೆ ಕಳಿಸುವ ಚೀಟಿಗೆ ಇನ್ನೊಂದು. ನಿನ್ನ ಕ್ಲಿನಿಕ್ಕಿನಲ್ಲಿ ಯಾವ ಸಾಫ್ಟ್‌ವೇರ್ ಬೇಕಾದರೂ ಇಟ್ಟುಕೋ, ಹೊರಗೆ ಹೋಗುವ ಸಂದೇಶ ಮಾತ್ರ ಈ ನಮೂನೆಯಲ್ಲಿರಲಿ ಅನ್ನೋದು ಅವರ ಲೆಕ್ಕ. 2003ರಲ್ಲಿ ಸುಂಡ್‌ಹೆಡ್ ಅನ್ನುವ ಪೋರ್ಟಲ್ ಬಂತು. ಬೇರೆ ಬೇರೆ ಕಡೆ ಇರುವ ಮಾಹಿತಿಯನ್ನು ರೋಗಿಗೆ ಒಂದೇ ಕಿಟಕಿಯಲ್ಲಿ ತೋರಿಸುವುದು ಅದರ ಕೆಲಸ. ನೋಡಲು ಏನೂ ಥಳುಕಿಲ್ಲದ ದಾರಿ. ಆದರೂ ನನಗೆ ತುಂಬಾ ಹಿಡಿಸುವುದು ಇದೇ.

ಎಸ್ಟೋನಿಯಾ ಎರಡನ್ನೂ ಬೆರೆಸಿತು. 2001ರಲ್ಲಿ ಎಕ್ಸ್-ರೋಡ್ ಎಂಬ ಮಾಹಿತಿ ವಿನಿಮಯದ ಹಾದಿ ಹಾಕಿಕೊಂಡರು. 2002ರಲ್ಲಿ ಚಿಪ್ ಇರುವ ಗುರುತಿನ ಚೀಟಿ ಕೊಟ್ಟರು. ಇವೆರಡೂ ಬರೀ ಆರೋಗ್ಯಕ್ಕೆಂದು ಮಾಡಿದ್ದಲ್ಲ. ತೆರಿಗೆ, ಬ್ಯಾಂಕು, ಆಮೇಲೆ ಮತದಾನ, ಎಲ್ಲದಕ್ಕೂ ಅದೇ. 2008ರ ಕೊನೆಗೆ ಆರೋಗ್ಯ ಮಾಹಿತಿ ವ್ಯವಸ್ಥೆ ಬರುವಷ್ಟರಲ್ಲಿ ಜನರ ಕೈಯಲ್ಲಿ ಕಾರ್ಡು ಇತ್ತು, ಅದನ್ನು ಉಪಯೋಗಿಸುವ ಅಭ್ಯಾಸವೂ ಆಗಿತ್ತು. ವೈದ್ಯರು ಮುಖ್ಯ ದಾಖಲೆಗಳ ಸಾರಾಂಶವನ್ನು ಮಧ್ಯದ ವ್ಯವಸ್ಥೆಗೆ ಕಳಿಸುತ್ತಾರೆ, ಓಡಾಟ ಎಕ್ಸ್-ರೋಡ್ ಮೇಲೆ. ರೋಗಿ ಲಾಗಿನ್ ಆಗಿ ತನ್ನ ದಾಖಲೆಯನ್ನು ಯಾರು ಯಾವಾಗ ತೆರೆದರು ಅಂತ ನೋಡಬಹುದು. ಬೇಡ ಅನಿಸಿದರೆ ಮುಚ್ಚಿಯೂ ಇಡಬಹುದು.

ಎಸ್ಟೋನಿಯಾವನ್ನು ಹೊಗಳುವವರು ಬಹಳ, ಆ ಹೊಗಳಿಕೆಯನ್ನು ಸ್ವಲ್ಪ ಸೋಸಿ ತಗೋಬೇಕು. 2014ರಲ್ಲಿ ಅಲ್ಲಿನ ರಾಷ್ಟ್ರೀಯ ಆಡಿಟ್ ಕಚೇರಿಯೇ ಲೆಕ್ಕ ನೋಡಿ, ಇ-ಚೀಟಿ ಬಿಟ್ಟರೆ ಉಳಿದ ಭಾಗಗಳು ಅಂದುಕೊಂಡಷ್ಟು ಬಳಕೆಯಾಗುತ್ತಿಲ್ಲ ಅಂತ ಹೇಳಿತು. ಪ್ರಶಸ್ತಿ ಗೆದ್ದ ದೇಶದಲ್ಲೂ ನಿಂತದ್ದು ಚೀಟಿ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ನೆದರ್ಲೆಂಡ್ಸ್ ಕಣಜವನ್ನೇ ಬೇಡ ಅಂದಿತು. ಅಲ್ಲಿನ ಎಲ್ಎಸ್‌ಪಿ ವ್ಯವಸ್ಥೆಯಲ್ಲಿ ದಾಖಲೆ ನಿಮ್ಮ ಕುಟುಂಬ ವೈದ್ಯರ ಬಳಿಯೇ ಇರುತ್ತದೆ. ಯಾರ ಬಳಿ ಏನಿದೆ ಅನ್ನುವ ಸೂಚಿ ಮಾತ್ರ ಮಧ್ಯದಲ್ಲಿ. ನಮ್ಮ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ವಿನ್ಯಾಸವೂ ಇದಕ್ಕೆ ಹತ್ತಿರ. ಆಭಾ ಎಂಬ 14 ಅಂಕಿಯ ಆರೋಗ್ಯ ಖಾತೆ ನಂಬರ್ ಇದ್ದರೂ ದಾಖಲೆ ಆಸ್ಪತ್ರೆಯಲ್ಲೇ ಉಳಿಯುತ್ತದೆ, ನೀವು ಒಪ್ಪಿದರೆ ಮಾತ್ರ ಇನ್ನೊಂದು ಕಡೆಗೆ ಹೋಗುತ್ತದೆ.

ಕೇಳಿ ಸೇರಿಸೋದಾ, ಸೇರಿಸಿ ಕೇಳೋದಾ?

ಎರಡನೇ ಆಯ್ಕೆ ಇದು. ನನ್ನ ಲೆಕ್ಕದಲ್ಲಿ ಮೊದಲನೆಯದಕ್ಕಿಂತ ಇದೇ ಮುಖ್ಯ. ಜನ ತಾವಾಗಿ ಹೆಸರು ಕೊಟ್ಟರೆ ಮಾತ್ರ ಸೇರಿಸುವುದು ಒಂದು. ಎಲ್ಲರನ್ನೂ ಸೇರಿಸಿ, ಬೇಡ ಅನ್ನುವವರಿಗೆ ಹೊರಗೆ ಹೋಗಲು ಬಿಡುವುದು ಇನ್ನೊಂದು.

ಜರ್ಮನಿಯ ಕಥೆ ಉದ್ದ, ಆದರೆ ಕೇಳಬೇಕಾದದ್ದು. 2001ರ ಆಗಸ್ಟಿನಲ್ಲಿ ಬೇಯರ್ ಕಂಪನಿ ಲಿಪೋಬೇ ಎಂಬ ಕೊಲೆಸ್ಟರಾಲ್ ಮಾತ್ರೆಯನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ಬೇರೆ ಒಂದು ಮಾತ್ರೆಯ ಜೊತೆ ಸೇರಿದಾಗ ಅದು ಸ್ನಾಯುಗಳನ್ನು ಹಾಳು ಮಾಡುತ್ತಿತ್ತು, ಸಾವುಗಳೂ ಆಗಿದ್ದವು. ಒಬ್ಬ ರೋಗಿ ಏನೇನು ನುಂಗುತ್ತಿದ್ದಾನೆ ಅಂತ ಯಾವ ವೈದ್ಯರಿಗೂ ಪೂರ್ತಿ ಗೊತ್ತಿಲ್ಲ ಅನ್ನೋದು ಆಗ ಎಲ್ಲರಿಗೂ ಕಣ್ಣಿಗೆ ಕಟ್ಟಿತು. ಎಲೆಕ್ಟ್ರಾನಿಕ್ ಆರೋಗ್ಯ ಕಾರ್ಡ್ ಬೇಕು ಅನ್ನುವ ಮಾತಿಗೆ ಬಲ ಬಂದದ್ದು ಅಲ್ಲಿಂದ. 2006ಕ್ಕೆ ಕಾರ್ಡ್ ಕೊಡುತ್ತೇವೆ ಅಂತ ಕಾನೂನು ಮಾಡಿದರು. 2005ರಲ್ಲಿ ಗೆಮಾಟಿಕ್ ಎಂಬ ಸಂಸ್ಥೆ ಕಟ್ಟಿದರು. ಅದರೊಳಗೆ ವೈದ್ಯರ ಸಂಘ, ಆಸ್ಪತ್ರೆಗಳು, ಔಷಧ ಅಂಗಡಿಯವರು, ವಿಮಾ ಸಂಸ್ಥೆಗಳು ಎಲ್ಲರೂ ಪಾಲುದಾರರು. ಎಲ್ಲರೂ ಪಾಲುದಾರರಾದರೆ ಏನಾಗುತ್ತೆ ಅಂತ ಗೊತ್ತಲ್ವಾ? ಕಾರ್ಡು ಜನರ ಕೈಗೆ ವ್ಯಾಪಕವಾಗಿ ಬರಲು ಶುರುವಾದದ್ದು 2011ರಲ್ಲಿ. ಅದರಲ್ಲೂ ಫೋಟೋ, ಹೆಸರು, ವಿಳಾಸ ಬಿಟ್ಟರೆ ಹೆಚ್ಚೇನಿರಲಿಲ್ಲ.

2021ರ ಜನವರಿಯಲ್ಲಿ ಎಲೆಕ್ಟ್ರಾನಿಕ್ ರೋಗಿ ಕಡತ ಬಂತು. ಬೇಕಾದವರು ಕೇಳಿ ಪಡೆಯಬೇಕಿತ್ತು. ಮೂರು ವರ್ಷದ ನಂತರವೂ ಕೇಳಿದವರು ನೂರಕ್ಕೆ ಒಬ್ಬರಷ್ಟು ಮಾತ್ರ. ಕಡತ ತೆರೆಯಲು ಗುರುತು ಸಾಬೀತು ಮಾಡಬೇಕು, ಪಿನ್ ತರಿಸಬೇಕು, ಅಷ್ಟೆಲ್ಲ ಮಾಡಿ ಒಳಗೆ ಹೋದರೆ ಖಾಲಿ. ವೈದ್ಯರು ಏನೂ ಹಾಕಿರುತ್ತಿರಲಿಲ್ಲ, ರೋಗಿಗಳೇ ಇಲ್ಲದ ಕಡತಕ್ಕೆ ಅವರು ಯಾಕೆ ಹಾಕಬೇಕು? ಕೊನೆಗೆ ಸರ್ಕಾರ ಲೆಕ್ಕ ತಿರುಗಿಸಿತು. 2025ರ ಜನವರಿ 15ರಿಂದ, ಸಾರ್ವಜನಿಕ ವಿಮೆ ಇದ್ದು ಬೇಡ ಅನ್ನದ ಪ್ರತಿಯೊಬ್ಬರಿಗೂ ಕಡತ ತಾನಾಗಿ ತೆರೆಯಿತು. ವೈದ್ಯರ ಬಳಕೆ ಮೊದಲು ಕೆಲವು ಪ್ರದೇಶಗಳಲ್ಲಿ, ಏಪ್ರಿಲ್ 29ರಿಂದ ದೇಶದಲ್ಲೆಲ್ಲ ಶುರುವಾಯಿತು. ಸುಮಾರು 7 ಕೋಟಿ ಕಡತಗಳು. ಬೇಡ ಅಂದವರು ನೂರಕ್ಕೆ ಐದರಷ್ಟು. ಅದೇ ವರ್ಷದ ಅಕ್ಟೋಬರ್ 1ರಿಂದ ವೈದ್ಯರು ಅದನ್ನು ಬಳಸೋದು ಕಡ್ಡಾಯ. ಇ-ಚೀಟಿಯಿಂದ ತಾನಾಗಿ ತುಂಬುವ ಮಾತ್ರೆಗಳ ಪಟ್ಟಿ ಆ ಕಡತದ ಮೊದಲ ನಿಜವಾದ ಉಪಯೋಗ. 2001ರಲ್ಲಿ ಬೇಕಾಗಿದ್ದೂ ಅದೇ.

ಫ್ರಾನ್ಸ್ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ನಡೆದು ಸ್ವಲ್ಪ ಬೇಗ ಎಚ್ಚೆತ್ತಿತು. 2004ರ ಕಾನೂನು, 2007ಕ್ಕೆ ಎಲ್ಲರಿಗೂ ಕಡತ ಅನ್ನುವ ಭರವಸೆ, ಆಮೇಲೆ ವರ್ಷಗಟ್ಟಲೆ ಮತ್ತೆ ಮತ್ತೆ ಶುರು ಮಾಡೋದು. 2022ರ ಫೆಬ್ರವರಿಯಲ್ಲಿ ಎಲ್ಲರನ್ನೂ ಸೇರಿಸಿ, ಬೇಡದವರನ್ನು ಬಿಡುವ ಕ್ರಮಕ್ಕೆ ಬಂದ ಮೇಲೆ ಸುಮಾರು 6.5 ಕೋಟಿ ಜನರಿಗೆ ಖಾತೆ ಆಯಿತು.

ಹಾಗಂತ ಸುಮ್ನೆ ಸೇರಿಸಿಬಿಟ್ಟರೂ ಕೆಲಸ ಆಗೋದಿಲ್ಲ. ಇಂಗ್ಲೆಂಡಿನ ಕೇರ್.ಡೇಟಾ ಯೋಜನೆ ನೋಡಿ. ಕುಟುಂಬ ವೈದ್ಯರ ಬಳಿಯ ದಾಖಲೆಗಳನ್ನು ಒಂದೆಡೆ ತಂದು ಸಂಶೋಧನೆಗೆ ಕೊಡುವ ಉದ್ದೇಶ, ಉದ್ದೇಶವೇನೋ ಒಳ್ಳೆಯದೇ. 2014ರ ಜನವರಿಯಲ್ಲಿ ಮನೆಮನೆಗೆ ಕರಪತ್ರ ಹಾಕಿದರು. ಅದು ಪಿಜ್ಜಾ ಅಂಗಡಿಯ ಜಾಹೀರಾತುಗಳ ನಡುವೆ ಬಿದ್ದು ಕಸದ ಬುಟ್ಟಿ ಸೇರಿತು. ಬೇಡ ಅನ್ನಲು ಆ ಕರಪತ್ರದಲ್ಲಿ ಒಂದು ಫಾರ್ಮೂ ಇರಲಿಲ್ಲ, ವೈದ್ಯರ ಬಳಿ ಹೋಗಿ ಹೇಳಬೇಕಿತ್ತು. ಯಾರಿಗೆ ಮಾರುತ್ತೀರಿ, ವಿಮಾ ಕಂಪನಿಗೂ ಕೊಡುತ್ತೀರಾ ಅಂತ ಜನ ಕೇಳಿದಾಗ ನೇರ ಉತ್ತರ ಬರಲಿಲ್ಲ. ಫೆಬ್ರವರಿಯಲ್ಲೇ ನಿಲ್ಲಿಸಿದರು, 2016ರ ಜುಲೈಯಲ್ಲಿ ಕೈಬಿಟ್ಟರು. ನೆದರ್ಲೆಂಡ್ಸ್‌ನ ಮೇಲ್ಮನೆ 2011ರ ಏಪ್ರಿಲ್ 5ರಂದು ತನ್ನ ಸರ್ಕಾರದ ಮಸೂದೆಯನ್ನು ತಳ್ಳಿದ್ದೂ ಇಂಥದೇ ಅನುಮಾನಗಳಿಂದ. ಆಮೇಲೆ ವೈದ್ಯರು, ಆಸ್ಪತ್ರೆ, ಔಷಧ ಅಂಗಡಿಗಳ ಸಂಘವೇ ಆ ಜಾಲವನ್ನು ವಹಿಸಿಕೊಂಡು, ಒಪ್ಪಿಗೆ ಕೇಳಿ ಕೇಳಿ ಬೆಳೆಸಿತು. ನಿಧಾನವಾಯಿತು, ಆದರೆ ಸಾಯಲಿಲ್ಲ.

ಚಿಕಿತ್ಸೆಗೆ ಬೇಕಾದ ದಾಖಲೆಗೆ ಎಲ್ಲರನ್ನೂ ಸೇರಿಸಿ, ಹೊರಗೆ ಹೋಗುವ ಬಾಗಿಲನ್ನು ಕಾಣುವಂತೆ ಇಡೋದೇ ಸರಿ ಅಂತ ನನಗನಿಸುತ್ತದೆ. ಸಂಶೋಧನೆಗೆ, ಕಂಪನಿಗಳಿಗೆ ಕೊಡುವ ಮಾತು ಬೇರೆ. ಅದನ್ನು ಇದರ ಜೊತೆ ಒಂದೇ ಕರಪತ್ರದಲ್ಲಿ ತುರುಕಿದರೆ ಎರಡೂ ಮುಳುಗುತ್ತವೆ.

ಒಂದೇ ದೊಡ್ಡ ಸಾಫ್ಟ್‌ವೇರ್ ಕೊಳ್ಳುವ ಆಸೆ

ಕಮಿಟಿಗಳಲ್ಲಿ ಕೂತವರಿಗೆ ಈ ಆಸೆ ಬಿಡೋದಿಲ್ಲ. ಹತ್ತು ಕಂಪನಿಗಳ ಹತ್ತು ಸಾಫ್ಟ್‌ವೇರ್ ಯಾಕೆ, ಎಲ್ಲಕ್ಕೂ ಒಂದೇ ತಂದುಬಿಡೋಣ ಅಂತ.

ಇಂಗ್ಲೆಂಡ್ 2002ರಲ್ಲಿ ಹಾಗೇ ಹೊರಟಿತು. ದೇಶವನ್ನು ಐದು ಭಾಗ ಮಾಡಿ ದೊಡ್ಡ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ಆಸ್ಪತ್ರೆಗಳನ್ನು, ವೈದ್ಯರನ್ನು ಸರಿಯಾಗಿ ಕೇಳಲಿಲ್ಲ. ಗುತ್ತಿಗೆ ಸಹಿಯಾದ ಮೇಲೆ "ನಮಗೆ ಇದು ಬೇಡ" ಅಂತ ಆಸ್ಪತ್ರೆಗಳು ಹೇಳತೊಡಗಿದವು. ಆಕ್ಸೆಂಚರ್ 2006ರಲ್ಲಿ ಕೈ ತೊಳೆದುಕೊಂಡಿತು, ಫುಜಿತ್ಸು ಗುತ್ತಿಗೆ 2008ರಲ್ಲಿ ಮುರಿಯಿತು. 2011ರ ಸೆಪ್ಟೆಂಬರಿನಲ್ಲಿ ಸರ್ಕಾರ ಇಡೀ ಕಾರ್ಯಕ್ರಮವನ್ನು ಬಿಚ್ಚಿಹಾಕುವುದಾಗಿ ಘೋಷಿಸಿತು. ಅಷ್ಟರಲ್ಲಿ ಒಟ್ಟು ಖರ್ಚಿನ ಅಂದಾಜು ಹೆಚ್ಚುಕಡಿಮೆ ಸಾವಿರ ಕೋಟಿ ಪೌಂಡ್ ತಲುಪಿತ್ತು.

ಎಲ್ಲ ನೀರಲ್ಲಿ ಹೋಮ ಆಯಿತು ಅನ್ನೋದು ಸರಿಯಲ್ಲ. ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ಕಂಪ್ಯೂಟರಿನಲ್ಲಿ ನೋಡುವ ವ್ಯವಸ್ಥೆ 2007ರ ಕೊನೆಗೆ ಇಂಗ್ಲೆಂಡಿನ ಆಸ್ಪತ್ರೆಗಳಿಗೆಲ್ಲ ತಲುಪಿತು, ವೈದ್ಯರು ಖುಷಿಯಿಂದ ತಗೊಂಡರು. ಫಿಲಂ ಹುಡುಕಿಕೊಂಡು ನೆಲಮಾಳಿಗೆಗೆ ಓಡುವುದು ತಪ್ಪಿತಲ್ಲ, ಬೇಡ ಅಂತಾರಾ? ಇ-ಚೀಟಿ ವ್ಯವಸ್ಥೆ ಉಳಿಯಿತು. ಎಲ್ಲವನ್ನೂ ಜೋಡಿಸುವ ಸ್ಪೈನ್ ಎಂಬ ಜಾಲ ಇವತ್ತಿಗೂ ಕೆಲಸ ಮಾಡುತ್ತಿದೆ. ಇಂಗ್ಲೆಂಡಿನವರ ಫೋನಿನಲ್ಲಿರುವ ಎನ್ಎಚ್ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆ್ಯಪ್ ನಿಂತಿರುವುದೂ ಇಂಥ ಅಡಿಪಾಯದ ಮೇಲೇ.

ಇನ್ನು ಡೆನ್ಮಾರ್ಕ್. ಸಣ್ಣ ಸಣ್ಣ ವ್ಯವಸ್ಥೆಗಳನ್ನು ನಮೂನೆಯಿಂದ ಜೋಡಿಸಿ ಜಗತ್ತಿಗೆ ಪಾಠ ಹೇಳಿದ ದೇಶವೇ ಕೊನೆಗೆ ಈ ಆಸೆಗೆ ಬಿತ್ತು. ಕೋಪನ್‌ಹೇಗನ್ ಇರುವ ಪ್ರಾಂತ್ಯವೂ ಪಕ್ಕದ ಜೀಲ್ಯಾಂಡ್ ಪ್ರಾಂತ್ಯವೂ ಸೇರಿ ಅಮೆರಿಕದ ಎಪಿಕ್ ಕಂಪನಿಯ ವ್ಯವಸ್ಥೆ ಕೊಂಡವು. ಬೆಲೆ ಸುಮಾರು 280 ಕೋಟಿ ಕ್ರೋನ. 2016ರ ಮೇ ತಿಂಗಳಲ್ಲಿ ಹೆರ್ಲೆವ್ ಆಸ್ಪತ್ರೆಯಲ್ಲಿ ಶುರುವಾಯಿತು. ಹಿಂದೆ ವೈದ್ಯರು ಹೇಳಿದ್ದನ್ನು ಸೆಕ್ರೆಟರಿಗಳು ಟೈಪ್ ಮಾಡುತ್ತಿದ್ದರು, ಈಗ ಆ ಕೆಲಸ ವೈದ್ಯರ ತಲೆಗೇ ಬಂತು. ಇನ್ನೂ ಕೆಟ್ಟದ್ದು ಏನಂದರೆ, ದೇಶದ ಎಲ್ಲರ ಮಾತ್ರೆಗಳ ವಿವರ ಇರುವ ರಾಷ್ಟ್ರೀಯ ಔಷಧ ಕಾರ್ಡಿನ ಜೊತೆ ಹೊಸ ವ್ಯವಸ್ಥೆ ಸರಿಯಾಗಿ ಹೊಂದಲಿಲ್ಲ. ಚೀಟಿಗಳಲ್ಲಿ ತಪ್ಪುಗಳು ಬಂದವು. 2018ರಲ್ಲಿ ಸರ್ಕಾರಿ ಆಡಿಟರ್‌ಗಳು ಕಟುವಾಗಿ ಬರೆದರು. ವ್ಯವಸ್ಥೆ ಇವತ್ತಿಗೂ ನಡೆಯುತ್ತಿದೆ, ಸುಧಾರಿಸಿದೆ ಕೂಡ. ಆದರೆ ಆ ಮೊದಲ ವರ್ಷಗಳ ಕಹಿ ಹೋಗಲು ಬಹಳ ಕಾಲ ಹಿಡಿಯಿತು.

ಒಂದು ಆಸ್ಪತ್ರೆಯ ಒಳಗೆ ಒಂದೇ ದೊಡ್ಡ ವ್ಯವಸ್ಥೆ ಇರಲಿ, ತಪ್ಪಿಲ್ಲ. ಇಡೀ ರಾಜ್ಯಕ್ಕೋ ದೇಶಕ್ಕೋ ಒಂದೇ ಕೊಳ್ಳುವುದಾದರೆ ಆ ಹಣದ ಒಂದು ಪಾಲನ್ನು ಮೊದಲು ಮೆಡ್‌ಕಾಮ್ ಥರದ ನಮೂನೆಗಳಿಗೆ ಹಾಕಿ ನೋಡೋದು ಮೇಲು.

ಚೀಟಿಯಿಂದ ಶುರು ಮಾಡಿದರೆ

ಎಸ್ಟೋನಿಯಾ, ಫಿನ್ಲೆಂಡ್, ಡೆನ್ಮಾರ್ಕ್, ಇಂಗ್ಲೆಂಡ್, ಜರ್ಮನಿ. ಐದೂ ಕಡೆ ಜನ ನಿಜವಾಗಿ ಬಳಸಿದ್ದು ಇ-ಚೀಟಿಯನ್ನು. ಯಾಕೆ ಅಂದರೆ ಅದರ ಲಾಭ ಅದೇ ದಿನ ಸಿಗುತ್ತದೆ. ಎಸ್ಟೋನಿಯಾದಲ್ಲಿ ಬಿಪಿ ಮಾತ್ರೆ ಮುಗಿದವರು ವೈದ್ಯರಿಗೆ ಫೋನ್ ಮಾಡುತ್ತಾರೆ. ವೈದ್ಯರು ಚೀಟಿ ಮುಂದುವರಿಸುತ್ತಾರೆ. ರೋಗಿ ದೇಶದ ಯಾವ ಔಷಧ ಅಂಗಡಿಗೆ ಬೇಕಾದರೂ ಹೋಗಿ ಗುರುತಿನ ಕಾರ್ಡ್ ಕೊಟ್ಟರೆ ಆಯಿತು. 2019ರ ಜನವರಿಯಿಂದ ಫಿನ್ಲೆಂಡಿನ ಚೀಟಿಗೆ ಎಸ್ಟೋನಿಯಾದ ಅಂಗಡಿಯಲ್ಲಿ ಮಾತ್ರೆ ಸಿಗುತ್ತದೆ. ಹೆಲ್ಸಿಂಕಿಯಿಂದ ಹಡಗು ಹತ್ತಿ ತಾಲಿನ್‌ಗೆ ಹೋಗಿಬರುವವರು ಬಹಳ, ಅವರಿಗೆ ಇದು ದಿನನಿತ್ಯದ ಅನುಕೂಲ.

ಚೀಟಿಯಲ್ಲೂ ಎಡವುವ ಜಾಗ ಇದೆ. ಜರ್ಮನಿಯಲ್ಲಿ ಕಡ್ಡಾಯವಾದ ಹೊಸದರಲ್ಲಿ ಆಗಿದ್ದನ್ನು ಹತ್ತಿರದಿಂದ ನೋಡಿ. ಇ-ಚೀಟಿಗೆ ವೈದ್ಯರು ತಮ್ಮ ಚಿಪ್ ಕಾರ್ಡಿನಿಂದ ಡಿಜಿಟಲ್ ಸಹಿ ಹಾಕಬೇಕು. ಒಂದೊಂದಕ್ಕೂ ಪಿನ್ ಒತ್ತುತ್ತಾ ಕೂತರೆ ಬೆಳಗ್ಗೆ ಹೋಗಿ ಮಧ್ಯಾಹ್ನ ಆಗುತ್ತೆ. ಹಾಗಾಗಿ ಹಲವರು ಒಂದಷ್ಟು ಚೀಟಿಗಳನ್ನು ಕೂಡಿಹಾಕಿ ಒಟ್ಟಿಗೆ ಸಹಿ ಮಾಡುತ್ತಿದ್ದರು. ಇತ್ತ ರೋಗಿ ಎದ್ದು ಎದುರಿಗಿದ್ದ ಔಷಧ ಅಂಗಡಿಗೆ ಹೋಗಿ ಕಾರ್ಡ್ ತುರುಕಿದರೆ ಪರದೆಯ ಮೇಲೆ ಏನೂ ಇಲ್ಲ. ಅಂಗಡಿಯವರು ಕ್ಲಿನಿಕ್ಕಿಗೆ ಫೋನ್ ಮಾಡಬೇಕು, ಕ್ಲಿನಿಕ್ಕಿನ ಫೋನ್ ಬ್ಯುಸಿ. ಇದಕ್ಕೆ ಮದ್ದು ವ್ಯವಸ್ಥೆಯಲ್ಲೇ ಇತ್ತು: ಒಮ್ಮೆ ಪಿನ್ ಹಾಕಿದರೆ ದಿನಕ್ಕೆ 250 ಸಹಿವರೆಗೆ ಬಿಡುವ ಸೌಲಭ್ಯ. ಅದನ್ನು ಹಾಕಿಕೊಂಡ ಕ್ಲಿನಿಕ್‌ಗಳಲ್ಲಿ ಈ ತೊಂದರೆ ಹೋಯಿತು. ನೀವು ವ್ಯವಸ್ಥೆ ಆರಿಸುವಾಗ ಇಂಥ ಪ್ರಶ್ನೆ ಕೇಳಬೇಕು. ವೈದ್ಯರು ಸಹಿ ಮಾಡಲು ಎಷ್ಟು ಸೆಕೆಂಡ್? ನೆಟ್‌ವರ್ಕ್ ಹೋದರೆ ಅಂಗಡಿಯವರು ಏನು ಮಾಡಬೇಕು? ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಗೆ ದಾರಿ ಏನು? ಕೊನೆಯದಕ್ಕೆ ಜರ್ಮನಿಯ ಉತ್ತರ ಚೆನ್ನಾಗಿದೆ. ವಿಮಾ ಕಾರ್ಡ್ ಸಾಕು, ಆ್ಯಪ್ ಬೇಡ. ಕೋಡ್ ಇರುವ ಕಾಗದ ಬೇಕಾದರೆ ಅದೂ ಸಿಗುತ್ತದೆ.

ಕಳ್ಳರು ಯಾವ ಬಾಗಿಲಿಂದ ಬಂದರು

ಎಲ್ಲವೂ ಒಂದೇ ಕಣಜದಲ್ಲಿದ್ದರೆ ಕಳ್ಳರಿಗೆ ಸುಲಭ ಅನ್ನುವ ಹೆದರಿಕೆ ಸಹಜ. ಆದರೆ ಫಿನ್ಲೆಂಡಿನಲ್ಲಿ ಕಳುವಾದದ್ದು ಕಾಂತಾದಿಂದ ಅಲ್ಲ. ವಾಸ್ತಾಮೋ ಎಂಬ ಖಾಸಗಿ ಮಾನಸಿಕ ಚಿಕಿತ್ಸಾ ಕಂಪನಿಯ ಸ್ವಂತ ಡೇಟಾಬೇಸ್, ಸರಿಯಾದ ಪಾಸ್‌ವರ್ಡ್ ಕಾವಲೂ ಇಲ್ಲದೆ ಇಂಟರ್‌ನೆಟ್ಟಿಗೆ ತೆರೆದುಕೊಂಡಿತ್ತು. 2020ರ ಅಕ್ಟೋಬರಿನಲ್ಲಿ ಸುದ್ದಿ ಹೊರಬಿತ್ತು. ಸುಮಾರು 33,000 ಜನರ ಮಾಹಿತಿ, ಅವರು ಚಿಕಿತ್ಸಕರ ಮುಂದೆ ಹೇಳಿಕೊಂಡ ಮಾತುಗಳು ಸಮೇತ ಕಳ್ಳನ ಕೈ ಸೇರಿತ್ತು. 200 ಯೂರೋ ಕೊಡದಿದ್ದರೆ ಬಯಲು ಮಾಡುತ್ತೇನೆ ಅಂತ ರೋಗಿಗಳಿಗೇ ನೇರ ಇಮೇಲ್ ಬಂತು. ಕಂಪನಿ ದಿವಾಳಿಯಾಯಿತು. ಅಪರಾಧಿಗೆ 2024ರಲ್ಲಿ ಆರು ವರ್ಷ ಮೂರು ತಿಂಗಳ ಶಿಕ್ಷೆಯಾಯಿತು.

ಐರ್ಲೆಂಡಿನಲ್ಲಿ ರಾಷ್ಟ್ರೀಯ ಕಡತವೇ ಇರಲಿಲ್ಲ. ಆದರೂ 2021ರ ಮೇ 14ರಂದು ಸರ್ಕಾರಿ ಆರೋಗ್ಯ ಸೇವೆಯ ಕಂಪ್ಯೂಟರ್‌ಗಳು ದೇಶದಲ್ಲೆಲ್ಲ ಒಟ್ಟಿಗೆ ಮಲಗಿದವು. ಶುರುವಾಗಿದ್ದು ಮಾರ್ಚ್ 18ರಂದು ಒಬ್ಬರು ತೆರೆದ ಎಕ್ಸೆಲ್ ಫೈಲಿನಿಂದ. ಎಂಟು ವಾರ ಕಳ್ಳರು ಒಳಗೇ ಇದ್ದರು. ಆಗ ಅಲ್ಲಿ 30,000ಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಹಳೆಯ ವಿಂಡೋಸ್ 7ರಲ್ಲಿ ಓಡುತ್ತಿದ್ದವು. 2017ರ ಮೇ 12ರಂದು ಕಂಪ್ಯೂಟರ್ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಬಂದಾಗ ಇಂಗ್ಲೆಂಡಿನ 236 ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಕನಿಷ್ಠ 81ಕ್ಕೆ ತೊಂದರೆಯಾದದ್ದೂ ಹಾಗೆಯೇ. ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ರಿಪೇರಿ ಕೊಟ್ಟಿತ್ತು, ಹಾಕಿಕೊಂಡಿರಲಿಲ್ಲ.

ಎಸ್ಟೋನಿಯಾಕ್ಕೂ ಏಟು ಬಿದ್ದಿದೆ. 2017ರಲ್ಲಿ ಗುರುತಿನ ಕಾರ್ಡಿನ ಚಿಪ್ಪಿನಲ್ಲೇ ದೋಷ ಸಿಕ್ಕಿತು. ಸುಮಾರು ಏಳೂವರೆ ಲಕ್ಷ ಕಾರ್ಡ್‌ಗಳು. ಸರ್ಕಾರ ಮುಚ್ಚಿಡದೆ ಹೇಳಿತು, ನವೆಂಬರಿನಲ್ಲಿ ಆ ಕಾರ್ಡ್‌ಗಳ ಡಿಜಿಟಲ್ ಸರ್ಟಿಫಿಕೇಟ್‌ಗಳನ್ನು ತಡೆಹಿಡಿದು ಅಪ್‌ಡೇಟ್ ಮಾಡಿಸಿತು. ಜರ್ಮನಿಯಲ್ಲಿ 2024ರ ಡಿಸೆಂಬರಿನಲ್ಲಿ ಕೇಯಾಸ್ ಕಂಪ್ಯೂಟರ್ ಕ್ಲಬ್ ಎಂಬ ಹ್ಯಾಕರ್‌ಗಳ ಸಂಘದವರು ಬೇರೆಯವರ ಆರೋಗ್ಯ ಕಡತದೊಳಗೆ ಹೇಗೆ ನುಗ್ಗಬಹುದು ಅಂತ ಸಭೆಯಲ್ಲೇ ತೋರಿಸಿದರು. ಸರಿಪಡಿಸಿದೆವು ಅಂದ ಮೇಲೆ, ಏಪ್ರಿಲಿನಲ್ಲಿ ದೇಶದಲ್ಲೆಲ್ಲ ಶುರುವಾದ ಬೆನ್ನಿಗೆ, ಇನ್ನೊಂದು ದಾರಿಯನ್ನೂ ಹುಡುಕಿ ತೋರಿಸಿದರು. ಅದನ್ನೂ ಮುಚ್ಚಿದರು. ಹೀಗೆ ಹೊರಗಿನವರು ಬಂದು ಪರೀಕ್ಷಿಸಲು ಬಿಡುವ ವ್ಯವಸ್ಥೆಯನ್ನು ಆರಿಸಿ. "ನಮ್ಮಲ್ಲಿ ಅಂಥದ್ದೇನೂ ಆಗೋದಿಲ್ಲ" ಅನ್ನುವವರ ಹತ್ತಿರ ಜಾಸ್ತಿ ಹುಷಾರಾಗಿರಿ.

ಆ್ಯಪನ್ನೇ ಔಷಧವಾಗಿ ಬರೆದುಕೊಡೋದು

ಇದು ಜರ್ಮನಿಯ ಹೊಸ ಸಾಹಸ, ಚುಟುಕಾಗಿ ಹೇಳುತ್ತೇನೆ. 2019ರ ಕಾನೂನಿನ ಪ್ರಕಾರ ವೈದ್ಯರು ಮಾತ್ರೆಯಂತೆ ಆ್ಯಪನ್ನೂ ಬರೆದುಕೊಡಬಹುದು, ವಿಮೆ ಹಣ ಕೊಡುತ್ತದೆ. 2020ರ ಅಕ್ಟೋಬರಿನಲ್ಲಿ ಮೊದಲ ಎರಡು ಬಂದವು, ಕಿವಿಯ ಗುಂಯ್ ಸದ್ದಿಗೊಂದು, ಆತಂಕಕ್ಕೊಂದು. ರೋಗಿ ಚೀಟಿಯನ್ನು ವಿಮಾ ಸಂಸ್ಥೆಗೆ ಕಳಿಸಿ, ಅವರಿಂದ 16 ಅಕ್ಷರದ ಕೋಡ್ ತರಿಸಿ ಆ್ಯಪಿಗೆ ಹಾಕಬೇಕು. ಮೊದಲ ವರ್ಷ ಬೆಲೆ ಕಂಪನಿ ಹೇಳಿದ್ದೇ, ಮೂರು ತಿಂಗಳಿಗೆ ನೂರಾರು ಯೂರೋ. ಪುರಾವೆ ಕೊಡಲಾಗದೆ ಕೆಲವು ಪಟ್ಟಿಯಿಂದ ಬಿದ್ದೂ ಹೋದವು. ಫ್ರಾನ್ಸ್ ಇದನ್ನು ನೋಡಿ 2023ರಲ್ಲಿ ತನ್ನದೇ ದಾರಿ ಮಾಡಿಕೊಂಡಿದೆ. ಪುರಾವೆ ಬರುವ ಮೊದಲೇ ಪೂರ್ತಿ ಹಣ ಕೊಡೋದು ನನಗೆ ಸರಿ ಕಾಣೋದಿಲ್ಲ. ಅಡಿಪಾಯ ಇನ್ನೂ ಹಾಕದ ಕಡೆ ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ಎಲ್ಲರ ಕೈಯಲ್ಲೂ ಗಟ್ಟಿ ಡಿಜಿಟಲ್ ಗುರುತು ಇದ್ದು, ಜನಸಂಖ್ಯೆ ಕಮ್ಮಿ ಇದ್ದು, ಸರ್ಕಾರದ ಮೇಲೆ ಜನರಿಗೆ ನಂಬಿಕೆ ಇದ್ದರೆ ಫಿನ್ಲೆಂಡಿನ ದಾರಿ ಸಲೀಸು. ದಾಖಲೆ ತೆರೆದವರ ಹೆಸರನ್ನು ರೋಗಿಗೇ ತೋರಿಸುವ ಎಸ್ಟೋನಿಯಾದ ಕ್ರಮವನ್ನು ಮಾತ್ರ ಯಾವ ದಾರಿ ಹಿಡಿದರೂ ಜೊತೆಗೆ ತಗೊಳ್ಳಿ. ಖರ್ಚು ಜಾಸ್ತಿ ಇಲ್ಲ, ಕದ್ದು ನೋಡುವವರಿಗೆ ಹೆದರಿಕೆ ಹುಟ್ಟುತ್ತದೆ.

ಹಲವು ಕಂಪನಿಗಳ ಸಾಫ್ಟ್‌ವೇರ್ ಈಗಾಗಲೇ ಎಲ್ಲ ಕಡೆ ಕೂತಿದ್ದರೆ, ಖಾಸಗಿಯವರೂ ಸರ್ಕಾರದವರೂ ಕಲಸಿಕೊಂಡಿದ್ದರೆ, ಡೆನ್ಮಾರ್ಕಿನ 1994ರ ದಾರಿಯೇ ಸರಿ. ದೊಡ್ಡ ರಾಜ್ಯಗಳಿಗೂ ಹೊಂದುವುದು ಇದೇ. ಜನರಿಗೆ ಸರ್ಕಾರದ ಮೇಲೆ ಗುಮಾನಿ ಇದ್ದರೆ ನೆದರ್ಲೆಂಡ್ಸ್ ಥರ ದಾಖಲೆಯನ್ನು ವೈದ್ಯರ ಬಳಿಯೇ ಬಿಟ್ಟು ನಿಧಾನಕ್ಕೆ ಹೋಗಬೇಕು. ಜರ್ಮನಿಯಿಂದ ತರಬೇಕಾದದ್ದು ಎರಡು: ಫೋನ್ ಇಲ್ಲದವರಿಗೂ ನಡೆಯುವ ಚೀಟಿ, ಮತ್ತು ಮಾತ್ರೆಗಳ ಪಟ್ಟಿ ತಾನಾಗಿ ತುಂಬುವ ಏರ್ಪಾಡು. ಅವರ ಇಪ್ಪತ್ತು ವರ್ಷದ ಮೀಟಿಂಗ್‌ಗಳನ್ನು ಅಲ್ಲೇ ಬಿಟ್ಟು ಬನ್ನಿ.

ಸಾಫ್ಟ್‌ವೇರ್ ಬರೆಯುವವರು ಇನ್ನೊಂದು ತಾರೀಖು ಗುರುತು ಹಾಕಿಕೊಳ್ಳಿ. ಯೂರೋಪಿಯನ್ ಆರೋಗ್ಯ ದತ್ತಾಂಶ ವಲಯದ ಕಾನೂನು 2025ರ ಮಾರ್ಚ್ 26ರಂದು ಜಾರಿಗೆ ಬಂದಿದೆ. 2029ರ ಮಾರ್ಚ್ ಒಳಗೆ ಚೀಟಿ ಮತ್ತು ರೋಗಿ ಸಾರಾಂಶ, 2031ರ ಮಾರ್ಚ್ ಒಳಗೆ ಸ್ಕ್ಯಾನ್ ಚಿತ್ರಗಳು, ಲ್ಯಾಬ್ ಫಲಿತಾಂಶ, ಬಿಡುಗಡೆ ಪತ್ರಗಳು ಒಕ್ಕೂಟದ ದೇಶಗಳ ನಡುವೆ ಓಡಾಡಬೇಕು. ಅಲ್ಲಿನ ಮಾರುಕಟ್ಟೆಗೆ ದಾಖಲೆ ವ್ಯವಸ್ಥೆ ಮಾರುವವರು ಈ ನಮೂನೆಗಳಿಗೆ ಹೊಂದಲೇಬೇಕು.

ಅಲ್ಲಿಗೇ ಹೊರಟವರಿಗೆ

ಡೆನ್ಮಾರ್ಕಿನಲ್ಲಿ ಮೊದಲು ಸಿಪಿಆರ್ ನಂಬರ್. ನಿಮ್ಮ ವೈದ್ಯರ ಹೆಸರು ಅಚ್ಚಾದ ಹಳದಿ ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಆಮೇಲೆ ಮಿಟ್‌ಐಡಿ ಎಂಬ ಡಿಜಿಟಲ್ ಗುರುತು ಮಾಡಿಸಿಕೊಂಡರೆ ಸುಂಡ್‌ಹೆಡ್ ತೆರೆಯುತ್ತದೆ. ಫಿನ್ಲೆಂಡಿನಲ್ಲಿ ಓಮಾಕಾಂತಾಗೆ (ಕಾಂತಾದಲ್ಲಿ ರೋಗಿ ತನ್ನ ದಾಖಲೆ ನೋಡುವ ಪೋರ್ಟಲ್) ಹೆಚ್ಚಿನವರು ಲಾಗಿನ್ ಆಗುವುದು ಬ್ಯಾಂಕ್ ಕೋಡಿನಿಂದ. ಹೊಸಬರಿಗೆ ಗುರುತಿನ ಹಕ್ಕಿರುವ ಬ್ಯಾಂಕ್ ಕೋಡ್ ಸಿಗುವುದು ತಡವಾಗಬಹುದು, ಹೋದ ಕೂಡಲೇ ಬ್ಯಾಂಕಿನ ಕೆಲಸ ಹಿಡಿಯಿರಿ. ಇಂಗ್ಲೆಂಡಿನಲ್ಲಿ ಮೊದಲು ಹತ್ತಿರದ ಜಿಪಿ, ಅಂದರೆ ಕುಟುಂಬ ವೈದ್ಯರ ಬಳಿ ಹೆಸರು ಬರೆಸಿ. ಎನ್ಎಚ್ಎಸ್ ಆ್ಯಪಿಗೆ ಗುರುತು ತೋರಿಸಲು ಪಾಸ್‌ಪೋರ್ಟ್ ಫೋಟೋ ನಡೆಯುತ್ತದೆ. ಸ್ಕಾಟ್ಲೆಂಡ್, ವೇಲ್ಸ್‌ಗೆ ಅದೇ ಆ್ಯಪ್ ಅಲ್ಲ, ನೆನಪಿರಲಿ.

ಜರ್ಮನಿಯಲ್ಲಿ ಸಾರ್ವಜನಿಕ ವಿಮೆಗೆ ಸೇರಿದರೆ ರೋಗಿ ಕಡತ ತಾನಾಗಿ ತೆರೆಯುತ್ತದೆ. ಬೇಡವಾದರೆ ವಿಮಾ ಸಂಸ್ಥೆಗೆ ಹೇಳಿ. ಇಟ್ಟುಕೊಂಡರೆ ಕಾರ್ಡಿನ ಪಿನ್ ಕೂಡಲೇ ತರಿಸಿ, ಇಲ್ಲದಿದ್ದರೆ ನಿಮ್ಮ ಕಡತ ನಿಮಗೇ ಕಾಣೋದಿಲ್ಲ. ಹುಷಾರಿಲ್ಲದೆ ರಜೆ ಹಾಕಿದಾಗ ವೈದ್ಯರ ಹಳದಿ ಚೀಟಿ ಹಿಡಿದು ಆಫೀಸಿಗೆ ಓಡಬೇಕಿಲ್ಲ. 2023ರ ಜನವರಿಯಿಂದ ಅದನ್ನು ವಿಮಾ ಸಂಸ್ಥೆಯಿಂದ ಆಫೀಸೇ ತರಿಸಿಕೊಳ್ಳುತ್ತದೆ. ನೀವು ಬಾಸ್‌ಗೆ ಫೋನ್ ಮಾಡಿ ಹೇಳಿದರೆ ಸಾಕು.

ಎಲ್ಲಿಗೆ ಹೋದರೂ ಊರಿನ ವೈದ್ಯರ ಹತ್ತಿರ ನಿಮ್ಮ ಮಾತ್ರೆಗಳ ಪಟ್ಟಿಯನ್ನು ಬ್ರ್ಯಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರಿನಲ್ಲಿ ಬರೆಸಿಕೊಂಡು ಹೋಗಿ. ಆಭಾದಲ್ಲಿರುವುದು ಅಲ್ಲಿನ ಯಾವ ವ್ಯವಸ್ಥೆಗೂ ಇನ್ನೂ ತಾನಾಗಿ ಹೋಗುವುದಿಲ್ಲ.